ಹುಡುಗರು ಬದಲಾದರೋ, ಸೀಟಿ ಊದಿದ ಜಾಗ ಬದಲಾಯಿತೋ?

ಪ್ರಶ್ನೆ: ನಾನು ರೋಣ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಕ. 14 ಹುಡುಗರ ಕಬಡ್ಡಿ ತಂಡ ಕಟ್ಟಿದ್ದೇನೆ, ಎಲ್ಲರೂ 13ರಿಂದ 15 ವರ್ಷದವರು. ಜೂನ್ ಮೊದಲ ವಾರ 12 ನಿಮಿಷದ ಓಟ ಮತ್ತು 30 ಮೀಟರ್ ಓಟದ ಟೆಸ್ಟ್ ಮಾಡಿಸಿದೆ. ಎಂಟು ವಾರ ತರಬೇತಿ ಕೊಟ್ಟು ಆಗಸ್ಟ್‌ನಲ್ಲಿ ಮತ್ತೆ ಮಾಡಿಸಿದೆ. 30 ಮೀಟರ್‌ನಲ್ಲಿ ಎಲ್ಲರೂ 0.3ರಿಂದ 0.4 ಸೆಕೆಂಡ್ ಬೇಗ ಬಂದರು. ಆದರೆ 12 ನಿಮಿಷದ ಓಟದಲ್ಲಿ ಒಂಬತ್ತು ಹುಡುಗರು ಮೊದಲಿಗಿಂತ ಕಡಿಮೆ ಓಡಿದರು. ಜೂನ್‌ನಲ್ಲಿ ಮುಗಿಯುವ ಗೆರೆಯಲ್ಲಿ ನಿಂತು ನಾನೇ ಸೀಟಿ ಊದಿ ವಾಚ್ ಒತ್ತಿದ್ದೆ. ಆಗಸ್ಟ್‌ನಲ್ಲಿ ನಾನು ಶುರುವಿನ ಗೆರೆಯಲ್ಲಿ ಸೀಟಿ ಊದಿದೆ, ವಾಚ್ ಹಿಡಿದು ಕೊನೆಯಲ್ಲಿ ನಿಂತವನು ಹತ್ತನೇ ತರಗತಿಯ ಹುಡುಗ. ನನ್ನ ತರಬೇತಿ ತಪ್ಪೋ, ಟೆಸ್ಟ್ ತಪ್ಪೋ? ಲ್ಯಾಬ್ ಇಲ್ಲದೆ ಯಾವ ಟೆಸ್ಟ್ ಮಾಡಿಸಲಿ? ಇನ್ನೊಂದು. ನಮ್ಮೂರ ಗರಡಿ ಮನೆಯ ಹಿರಿಯರು, ‘ಗುಂಡು ಎತ್ತಿಸಿ ನೋಡ್ರಿ, ಗೊತ್ತಾಗತೈತಿ’ ಅಂತಾರೆ. ಅದನ್ನೂ ಟೆಸ್ಟ್ ಅನ್ನಬಹುದೇ?

ಉತ್ತರ:

ಸರ್, ಯಾರು ಎಲ್ಲಿ ನಿಂತಿದ್ದರು ಅಂತ ಬರೆದಿದ್ದೀರಲ್ಲ, ಅದಕ್ಕೆ ಮೊದಲು ಥ್ಯಾಂಕ್ಸ್. ಸಾಮಾನ್ಯವಾಗಿ ಯಾರೂ ಬರೆಯುವುದಿಲ್ಲ. ನಿಮ್ಮ ಅರ್ಧ ಪ್ರಶ್ನೆಗೆ ಉತ್ತರ ಆ ಎರಡು ಸಾಲಿನಲ್ಲೇ ಇದೆ.

30 ಮೀಟರ್ ಓಟವನ್ನೇ ತಗೊಳ್ಳಿ. ಒಬ್ಬರಲ್ಲ ಇಬ್ಬರಲ್ಲ, ಹದಿನಾಲ್ಕೂ ಜನ ಹೆಚ್ಚುಕಡಿಮೆ ಒಂದೇ ಅಳತೆಯಷ್ಟು ಬೇಗ ಬಂದಿದ್ದಾರೆ. ತರಬೇತಿ ಹೀಗೆ ಪಡಿತರ ಹಂಚಿದ ಹಾಗೆ ಎಲ್ಲರಿಗೂ ಸಮ ಸಿಗುವುದಿಲ್ಲ. ಒಬ್ಬ ಜಾಸ್ತಿ ಸುಧಾರಿಸುತ್ತಾನೆ, ಒಬ್ಬ ಸ್ವಲ್ಪ, ಒಬ್ಬ ಇದ್ದಲ್ಲೇ ಇರುತ್ತಾನೆ. ಎಲ್ಲರಿಗೂ ಒಂದೇ ಸಮ ಬಂತು ಅಂದರೆ ನಾನು ಮೊದಲು ಅನುಮಾನ ಪಡುವುದು ವಾಚಿನ ಮೇಲೆ.

ಲೆಕ್ಕ ಹಾಕೋಣ. ಶಬ್ದ 30 ಮೀಟರ್ ದಾಟಲು ಸುಮಾರು 0.09 ಸೆಕೆಂಡ್ ಬೇಕು. ಸೀಟಿ ಕೇಳಿ ಮೈ ಅಲುಗಲು, ಇಲ್ಲವೇ ಬೆರಳು ಒತ್ತಲು, ಸುಮಾರು 0.2 ಸೆಕೆಂಡ್. ಜೂನ್‌ನಲ್ಲಿ ಸೀಟಿ, ವಾಚ್ ಎರಡೂ ನಿಮ್ಮ ಕೈಯಲ್ಲೇ ಇದ್ದವು. ಊದಿದ ಕ್ಷಣಕ್ಕೇ ವಾಚ್ ಓಡತೊಡಗಿತು. ಆದರೆ ಹುಡುಗನಿಗೆ ಸೀಟಿ ಕೇಳಿಸಿದ್ದು 0.09 ಸೆಕೆಂಡ್ ಆದ ಮೇಲೆ, ಅವನು ಕಾಲು ಕಿತ್ತದ್ದು ಅದಾಗಿ ಇನ್ನೂ 0.2 ಸೆಕೆಂಡಿಗೆ. ಅಂದರೆ ಅವನ ಓಟದ ಜೊತೆಗೆ 0.29 ಸೆಕೆಂಡ್ ಪುಕ್ಕಟೆ ಸೇರಿತು. ಆಗಸ್ಟ್‌ನಲ್ಲಿ ಎಲ್ಲ ಉಲ್ಟಾ. ಸೀಟಿ ಓಡುವವನ ಕಿವಿಯ ಪಕ್ಕದಲ್ಲೇ ಕೇಳಿತು, 0.2 ಸೆಕೆಂಡಿಗೆ ಅವನು ಹೊರಟ. ವಾಚ್ ಹಿಡಿದವನಿಗೆ ಸೀಟಿ ತಲುಪಿದ್ದೇ 0.09ಕ್ಕೆ, ಅವನು ಒತ್ತಿದ್ದು 0.29ಕ್ಕೆ. ಅಷ್ಟರಲ್ಲಿ ಓಡುವವನು ಗೆರೆ ಬಿಟ್ಟಾಗಿತ್ತು. ಈ ಸಲ 0.09 ಸೆಕೆಂಡ್ ಕಳೆಯಿತು. ಎರಡೂ ಸೇರಿಸಿ ನೋಡಿ: 0.38 ಸೆಕೆಂಡ್. ನಿಮ್ಮ ಹುಡುಗರು ‘ಸುಧಾರಿಸಿದ್ದು’ 0.3ರಿಂದ 0.4!

ಎಂಟು ವಾರದ ತರಬೇತಿ ಏನೂ ಮಾಡಿಲ್ಲ ಅಂತ ಇದರ ಅರ್ಥ ಅಲ್ಲ. ಮಾಡಿದೆಯೋ ಇಲ್ಲವೋ ಅಂತ ಈ ಅಂಕಿಯಿಂದ ಹೇಳಲು ಬರುವುದಿಲ್ಲ, ಅಷ್ಟೇ. ದೊಡ್ಡ ಅಥ್ಲೆಟಿಕ್ಸ್‌ನಲ್ಲೂ ಈ ತೊಂದರೆ ಇತ್ತು. ಕೈ ವಾಚಿನ 100 ಮೀಟರ್ ಸಮಯವನ್ನು ಎಲೆಕ್ಟ್ರಾನಿಕ್ ಸಮಯಕ್ಕೆ ಹೋಲಿಸಬೇಕಾದರೆ 0.24 ಸೆಕೆಂಡ್ ಕೂಡಿಸುತ್ತಾರೆ. ಅದಕ್ಕೇ ಕೈ ವಾಚಿನವರು ಸದ್ದಿಗೆ ಕಾಯಬಾರದು, ಪಿಸ್ತೂಲಿನ ಹೊಗೆ ನೋಡಿ ಒತ್ತಬೇಕು ಅಂತ ರೂಢಿ. ನಮ್ಮಲ್ಲಿ ಕರವಸ್ತ್ರ ಕೆಳಗೆ ಬೀಸಿ ಹೊರಡಿಸುತ್ತಿದ್ದ ಹಳೇ ಮಾಸ್ತರುಗಳು ದಡ್ಡರೇನಲ್ಲ.

ಇನ್ನು ಗಾಳಿ. ಗದಗ ಸೀಮೆಯವರಿಗೆ ಗಾಳಿ ಬಗ್ಗೆ ನಾನು ಹೇಳಬೇಕಾ? ಕಪ್ಪತಗುಡ್ಡದ ಸಾಲಿನಲ್ಲಿ ಆ ಪಾಟಿ ಗಾಳಿಯಂತ್ರ ಸುಮ್ನೆ ನೆಟ್ಟಿಲ್ಲ. ಓಟದ ಸ್ಪರ್ಧೆಯಲ್ಲಿ ಹಿಂದಿನಿಂದ ಸೆಕೆಂಡಿಗೆ 2 ಮೀಟರಿಗಿಂತ ಜೋರಾಗಿ ಗಾಳಿ ಬೀಸಿದರೆ 100 ಮೀಟರ್ ದಾಖಲೆಯನ್ನೇ ಒಪ್ಪುವುದಿಲ್ಲ. ಮಳೆಗಾಲದ ಗಾಳಿ ಅದನ್ನು ಸಲೀಸಾಗಿ ಮೀರುತ್ತದೆ. ಮೈದಾನದಲ್ಲಿ ಅಡ್ಡ ಗಾಳಿ ಬರುವ ದಿಕ್ಕು ನೋಡಿ ಗೆರೆ ಹಾಕಿ, ಆಮೇಲೆ ಆ ದಿಕ್ಕು ಬದಲಿಸಬೇಡಿ.

ಮುಂದಿನ ಸಲ ಸೀಟಿಯನ್ನೇ ಬಿಡಿ. ಮೊಬೈಲ್ ಇದೆಯಲ್ಲ, ಸಾಕು. ಓಟದ ಗೆರೆಯ ಮಧ್ಯಕ್ಕೆ ಎದುರಾಗಿ, ಎರಡೂ ತುದಿ ಪರದೆಯಲ್ಲಿ ಕಾಣುವಷ್ಟು ದೂರ ಹೋಗಿ ಮೊಬೈಲ್ ಅಲ್ಲಾಡದ ಹಾಗೆ ಇಡಿ. ಮುಗಿಯುವ ಗುರುತಿನ ಮೇಲೆ ಒಬ್ಬ ಹುಡುಗನನ್ನು ನಿಲ್ಲಿಸಿ. ಪರದೆ ನೋಡುತ್ತಾ, ಅವನ ಎದೆಗೆ ಸರಿಯಾಗಿ ಕಾಣುವ ಹಾಗೆ ಈಚೆ ಬದಿಯಲ್ಲಿ ಒಂದು ಬಿದಿರು ಕೋಲು ನೆಡಿಸಿ. ಇಲ್ಲದಿದ್ದರೆ ಓರೆಯಾಗಿ ನೋಡುವುದರಿಂದ ಹುಡುಗ ಗೆರೆ ದಾಟುವ ಕ್ಷಣ ತಪ್ಪಾಗಿ ಕಾಣುತ್ತದೆ. ಹುಡುಗ ತನಗೆ ಬೇಕಾದಾಗ ಹೊರಡಲಿ. ಆಮೇಲೆ ವಿಡಿಯೊ ನಿಧಾನಕ್ಕೆ ಸರಿಸಿ, ಹಿಂದಿನ ಕಾಲು ನೆಲ ಬಿಟ್ಟ ಫ್ರೇಮಿನಿಂದ ಎದೆ ಕೋಲಿಗೆ ತಾಗುವ ಫ್ರೇಮಿನವರೆಗೆ ಎಣಿಸಿ. ಸೆಕೆಂಡಿಗೆ 60 ಫ್ರೇಮ್ ಇಟ್ಟರೆ ಒಂದು ಫ್ರೇಮ್ ಅಂದರೆ 0.017 ಸೆಕೆಂಡ್. ಯಾವ ಕೈ ವಾಚೂ ಇದರ ಹತ್ತಿರ ಬರುವುದಿಲ್ಲ. ಅಂದಹಾಗೆ, ಕಬಡ್ಡಿಗೆ 30 ಮೀಟರ್ ಯಾಕೆ? ದೊಡ್ಡವರ ಅಂಕಣವೇ 13 ಮೀಟರ್ ಉದ್ದ. ನಡುಗೆರೆಯಿಂದ ಕೊನೆಗೆರೆಗೆ ಆರೂವರೆ ಮೀಟರ್. 10 ಮೀಟರ್ ಓಡಿಸಿ, ಮೊಬೈಲ್ ಇಡುವುದೂ ಸುಲಭವಾಗುತ್ತದೆ.

ಈಗ 12 ನಿಮಿಷದ ಓಟ. ಇದು ಕೆನೆತ್ ಕೂಪರ್ ಎಂಬ ಅಮೆರಿಕದ ವೈದ್ಯರು 1968ರಲ್ಲಿ ಪ್ರಕಟಿಸಿದ ಟೆಸ್ಟ್. ಅವರು ವಾಯುಪಡೆಯ ಗಂಡಸರನ್ನು ಓಡಿಸಿ, ಅದೇ ಜನರನ್ನು ಲ್ಯಾಬಿನಲ್ಲೂ ಅಳೆದರು. ಓಡಿದ ದೂರಕ್ಕೂ ದೇಹ ಬಳಸಿಕೊಳ್ಳಬಲ್ಲ ಗರಿಷ್ಠ ಆಮ್ಲಜನಕಕ್ಕೂ ಗಟ್ಟಿ ನಂಟು ಕಂಡಿತು. ಈ ಗರಿಷ್ಠಕ್ಕೆ ವಿಒ2 ಮ್ಯಾಕ್ಸ್ ಅನ್ನುತ್ತಾರೆ. ಲ್ಯಾಬಿನಲ್ಲಿ ಇದನ್ನು ಅಳೆಯಲು ಮೂಗು ಬಾಯಿ ಮುಚ್ಚುವ ಮಾಸ್ಕ್ ಹಾಕಿ, ಟ್ರೆಡ್‌ಮಿಲ್ ವೇಗ ಏರಿಸುತ್ತಾ ಹೋಗುತ್ತಾರೆ. ಒಂದು ಹಂತದಲ್ಲಿ ವೇಗ ಏರಿದರೂ ಆಮ್ಲಜನಕದ ಬಳಕೆ ಏರುವುದಿಲ್ಲ. ಅದೇ ಅವನ ಮಿತಿ. ಕೂಪರ್ ಸೂತ್ರ ಗೊತ್ತಿರಬೇಕು ನಿಮಗೆ: ಓಡಿದ ಮೀಟರ್‌ನಲ್ಲಿ 504.9 ಕಳೆದು 44.73ರಿಂದ ಭಾಗಿಸಿದರೆ ವಿಒ2 ಮ್ಯಾಕ್ಸ್. 2400 ಮೀಟರ್ ಓಡಿದವನಿಗೆ 42.4, 2200 ಓಡಿದವನಿಗೆ 37.9 ಬರುತ್ತದೆ. ಬಿಂದುವಿನ ಆಚೆ ಅಂಕಿ ಬಂದ ತಕ್ಷಣ ಅದು ವಿಜ್ಞಾನದ ಹಾಗೆ ಕಾಣುತ್ತದೆ, ಅಲ್ವಾ? ಆದರೆ ವಾಯುಪಡೆಯ ಗಂಡಸರಿಂದ ಹುಟ್ಟಿದ ಸೂತ್ರವನ್ನು 14 ವರ್ಷದ ಹುಡುಗನಿಗೆ ಹಾಕುವುದು ಅಪ್ಪನ ಅಂಗಿಯನ್ನು ಮಗನಿಗೆ ತೊಡಿಸಿದ ಹಾಗೆ. ಸೂತ್ರ ಬಿಡಿ, ಮೀಟರನ್ನೇ ಬರೆದಿಡಿ.

ಆಗಸ್ಟ್‌ನಲ್ಲಿ ಮೀಟರ್ ಯಾಕೆ ಇಳಿಯಿತು? ನಿಮ್ಮ ಮೈದಾನ ಎರಿ (ಕಪ್ಪು) ನೆಲವೋ ಮಸಾರಿಯೋ (ಕೆಂಪು) ಬರೆದಿಲ್ಲ. ರೋಣದ ಕಡೆ ಅಂದರೆ ಎರಿ ಇರಬೇಕು ಅಂತ ನನ್ನ ಊಹೆ. ಮಳೆ ಬಿದ್ದ ಎರಿ ಮಣ್ಣು ಬಿಡುವ ಪೈಕಿ ಅಲ್ಲ. ಧಾರವಾಡದ ಹತ್ತಿರದ ಒಂದು ಮೈದಾನದಲ್ಲಿ ನಾನೊಮ್ಮೆ ಹುಡುಗನೊಬ್ಬನ ಶೂ ಬಿಚ್ಚಿಸಿ, ತಳದ ಮಣ್ಣನ್ನು ಕಡ್ಡಿಯಿಂದ ಕೆರೆದು, ಕಿರಾಣಿ ಅಂಗಡಿಗೆ ಒಯ್ದು ತೂಗಿಸಿದ್ದೆ. ಅಂಗಡಿಯವರು ನನ್ನ ಮುಖ ನೋಡಿದರು, ತಕ್ಕಡಿ ನೋಡಿದರು, ‘ಏನ್ ಸರ್, ಮಣ್ಣಿಗೂ ರೇಟ್ ಬಂತೇನ್ರಿ’ ಅಂದರು. ಒಂದು ಶೂಗೆ ಕಾಲು ಕಿಲೋ ಇತ್ತು. ಶೂ ತೂಕ 100 ಗ್ರಾಂ ಜಾಸ್ತಿಯಾದರೆ ಅದೇ ವೇಗದ ಓಟಕ್ಕೆ ಸುಮಾರು ಶೇ 1ರಷ್ಟು ಹೆಚ್ಚು ಆಮ್ಲಜನಕ ಬೇಕಾಗುತ್ತದೆ. ಕಾಲು ಕಿಲೋ ಅಂದರೆ ಶೇ 2.5. 2400 ಮೀಟರಿನ ಹುಡುಗ ಬರೀ ಮಣ್ಣಿನ ಭಾರಕ್ಕೇ 50–60 ಮೀಟರ್ ಕಳೆದುಕೊಳ್ಳಬಹುದು. ಜಾರುವುದು, ಹೊಂಡ ತಪ್ಪಿಸಿ ಸುತ್ತು ಹಾಕುವುದು ಬೇರೆ. ನಿಮ್ಮ ಒಂಬತ್ತು ಹುಡುಗರ ಕೊರತೆ ನೂರು ಮೀಟರ್ ಆಸುಪಾಸಿನಲ್ಲಿದ್ದರೆ ನಾನು ಅದಕ್ಕೆ ತರಬೇತಿಯನ್ನು ಬೈಯುವುದಿಲ್ಲ.

ಊಟದ ವಿಷಯವೂ ಇದೆ. ಪಿ.ಟಿ. ಪಿರಿಯಡ್ ಮಧ್ಯಾಹ್ನ ಇದ್ದು, ಬಿಸಿಯೂಟ ಉಂಡು ಮುಕ್ಕಾಲು ಗಂಟೆಗೆ ಓಡಿಸಿದರೆ ಯಾರೂ ಓಡಲಾರರು. ಆಗಸ್ಟ್‌ನಲ್ಲಿ ಶ್ರಾವಣ ಸೋಮವಾರದ ಉಪವಾಸ ಹಿಡಿದ ಹುಡುಗರೂ ಇರುತ್ತಾರೆ. ನೀವು ಕೇಳದ ಹೊರತು ಹೇಳುವುದಿಲ್ಲ. ಕೇಳಿ, ದಿನಾಂಕದ ಪಕ್ಕದಲ್ಲಿ ಬರೆದಿಡಿ.

ಇಷ್ಟೆಲ್ಲ ಸರಿಪಡಿಸಿದರೂ 12 ನಿಮಿಷದ ಓಟಕ್ಕೆ ಒಂದು ಹುಟ್ಟುಗುಣ ಇದೆ. ಓಟವನ್ನು 12 ನಿಮಿಷಕ್ಕೆ ಹಂಚಿಕೊಳ್ಳುವ ಜಾಣತನ ಬೇಕು. ಹುಡುಗರು ಮೊದಲ ಎರಡು ನಿಮಿಷ ಜಾತ್ರೆಯ ಹೋರಿ ಹಾಗೆ ಓಡಿ, ಆರನೇ ನಿಮಿಷಕ್ಕೆ ಸೊಂಟ ಹಿಡಿದು ನಿಲ್ಲುತ್ತಾರೆ. ಅದಕ್ಕೆ ಬೀಪ್ ಟೆಸ್ಟ್ ಮೇಲು. ಕೆನಡಾದ ಮಾಂಟ್ರಿಯಲ್‌ನ ಲುಕ್ ಲೆಜೆ 1980ರ ದಶಕದಲ್ಲಿ ರೂಪಿಸಿದ್ದು. 20 ಮೀಟರ್ ದೂರದಲ್ಲಿ ಎರಡು ಗೆರೆ, ಬೀಪ್ ಬರುವಷ್ಟರಲ್ಲಿ ಆಚೆ ಗೆರೆ ಮುಟ್ಟಬೇಕು. ಶುರು ಗಂಟೆಗೆ 8.5 ಕಿ.ಮೀ. ವೇಗದಲ್ಲಿ, ಆಮೇಲೆ ನಿಮಿಷಕ್ಕೊಮ್ಮೆ ಅರ್ಧ ಕಿ.ಮೀ. ಏರುತ್ತದೆ. ವೇಗ ಹಂಚುವ ತಲೆನೋವು ಬೀಪಿನದು, ಹುಡುಗನದಲ್ಲ. ಕಬಡ್ಡಿಗೆ ಇನ್ನೂ ಹತ್ತಿರದ್ದು ಡೆನ್ಮಾರ್ಕಿನ ಯೆನ್ಸ್ ಬಾಂಗ್ಸ್‌ಬೊ ಅವರ ಯೋ-ಯೋ ಟೆಸ್ಟ್. 20 ಮೀಟರ್ ಹೋಗಿ ಬಂದು, 10 ಸೆಕೆಂಡ್ ಸುಧಾರಿಸಿಕೊಂಡು, ಮತ್ತೆ ಓಟ. 30 ಸೆಕೆಂಡಿನ ರೇಡ್, ಮಧ್ಯೆ ಉಸಿರು, ಮತ್ತೆ ರೇಡ್. ಆಟದ ಲಯವೇ ಅದರಲ್ಲಿದೆ. ಎರಡಕ್ಕೂ ಆಡಿಯೊ ಮೊಬೈಲ್‌ನಲ್ಲಿ ಸಿಗುತ್ತದೆ.

ಆದರೆ ಆಡಿಯೊವನ್ನೂ ಕಣ್ಣುಮುಚ್ಚಿ ನಂಬಬೇಡಿ. ಕ್ಯಾಸೆಟ್ ಕಾಲದಲ್ಲಿ ನಾನು ಒಂದು ತಂಡಕ್ಕೆ ಬೀಪ್ ಟೆಸ್ಟ್ ಮಾಡಿಸಿ, ಅಂಕಿ ನೋಡಿ ಖುಷಿಯಿಂದ ಕುಣಿದಿದ್ದೆ. ಎಲ್ಲರೂ ಒಂದೂವರೆ ಎರಡು ಲೆವೆಲ್ ಮೇಲೆ ಹೋಗಿದ್ದರು. ಸಂಜೆ ಅದೇ ಟೇಪ್ ರೆಕಾರ್ಡರ್‌ನಲ್ಲಿ ಹಾಡು ಹಾಕಿದರೆ ಹಾಡುವವರಿಗೆ ನಿದ್ದೆ ಬಂದ ಹಾಗಿತ್ತು. ಸೆಲ್ ಇಳಿದಿತ್ತು! ಬೀಪ್ ತಡವಾಗಿ ಬಂದಷ್ಟೂ ನನ್ನ ಹುಡುಗರು ಗಟ್ಟಿಯಾಗಿದ್ದರು. ಮೊಬೈಲ್‌ನಲ್ಲಿ ಸೆಲ್ಲಿನ ಸಮಸ್ಯೆ ಇಲ್ಲ, ಆದರೆ ಒಂದೊಂದು ಆಡಿಯೊ ಒಂದೊಂದು ನಮೂನೆ. ಕೆಲವು 8ರಿಂದ ಶುರುವಾಗಿ ನೇರ 9ಕ್ಕೆ ಹಾರುತ್ತವೆ. ಒಂದನ್ನು ಇಳಿಸಿಕೊಂಡು ಅದನ್ನೇ ಇಟ್ಟುಕೊಳ್ಳಿ. ಗಂಟೆಗೆ 10 ಕಿ.ಮೀ. ಹಂತದಲ್ಲಿ ಬೀಪಿನಿಂದ ಬೀಪಿಗೆ 7.2 ಸೆಕೆಂಡ್ ಇರಬೇಕು, 12ರಲ್ಲಿ ಸರಿಯಾಗಿ 6. ವಾಚ್ ಹಿಡಿದು ಒಮ್ಮೆ ನೋಡಿ.

ಕಾಲಿನ ಕಸುವಿಗೆ ನಿಂತಲ್ಲಿಂದ ಉದ್ದಜಿಗಿತ ಸಾಕು. ಟೇಪು, ಸಮ ನೆಲ, ಹಿಂದೆ ಬಿದ್ದ ಹಿಮ್ಮಡಿಗೆ ಅಳತೆ. ಗೋಡೆಗೆ ಸುಣ್ಣದ ಕೈ ಬಡಿಯುವ ಮೇಲ್‌ಜಿಗಿತವೂ ಒಳ್ಳೆಯದೇ. ಮೇಲಕ್ಕೆ ಜಿಗಿಸಿ ಅಳೆಯುವುದರ ಬಗ್ಗೆ ಅಮೆರಿಕದ ದೈಹಿಕ ಶಿಕ್ಷಣ ತಜ್ಞ ಡಡ್ಲಿ ಸಾರ್ಜೆಂಟ್ 1921ರಲ್ಲೇ ಬರೆದಿದ್ದರು. ಆದರೆ ಅದರಲ್ಲಿ ಒಂದು ಕಳ್ಳದಾರಿ ಇದೆ, ಹುಡುಗರು ಎರಡನೇ ದಿನಕ್ಕೇ ಕಂಡುಹಿಡಿಯುತ್ತಾರೆ. ಮೊದಲು ನಿಂತು ಕೈ ಎತ್ತಿ ಗುರುತು ಹಾಕುವಾಗ ಭುಜ ಕುಗ್ಗಿಸುತ್ತಾರೆ. ಆ ಗುರುತು ನಾಲ್ಕು ಸೆಂಟಿಮೀಟರ್ ಕೆಳಗೆ ಬಿದ್ದರೆ ಜಿಗಿತ ನಾಲ್ಕು ಸೆಂಟಿಮೀಟರ್ ಬೆಳೆಯಿತು. ಹಿಂದೆ ನಿಂತು ಭುಜ ಕಿವಿಗೆ ತಾಗುವವರೆಗೆ ಎತ್ತಿಸಿ.

ಮೊಬೈಲ್‌ನಲ್ಲಿ ಗಾಳಿಯಲ್ಲಿದ್ದ ಹೊತ್ತು ಎಣಿಸಿಯೂ ಜಿಗಿತ ಅಳೆಯಬಹುದು. ಆ ಹೊತ್ತನ್ನು ಅದರಿಂದಲೇ ಗುಣಿಸಿ, 9.81ರಿಂದ ಗುಣಿಸಿ, 8ರಿಂದ ಭಾಗಿಸಿದರೆ ಎತ್ತರ ಮೀಟರಿನಲ್ಲಿ ಬರುತ್ತದೆ. ಅರ್ಧ ಸೆಕೆಂಡ್ ಗಾಳಿಯಲ್ಲಿದ್ದವನು 30.7 ಸೆಂ.ಮೀ. ಜಿಗಿದಿರುತ್ತಾನೆ. ಇಲ್ಲಿ ಮಾತ್ರ ನಿಧಾನಗತಿಯ ವಿಡಿಯೊ ಬೇಕೇ ಬೇಕು. ಸೆಕೆಂಡಿಗೆ 240 ಫ್ರೇಮ್ ಇದ್ದರೆ ಒಂದು ಫ್ರೇಮ್ ತಪ್ಪಿದರೆ ಅರ್ಧ ಸೆಂಟಿಮೀಟರ್ ಹೆಚ್ಚುಕಡಿಮೆ. 30 ಫ್ರೇಮಿನಲ್ಲಿ ಅದೇ ತಪ್ಪು ನಾಲ್ಕು ಸೆಂಟಿಮೀಟರ್!

ಇನ್ನು ನಿಮ್ಮ ಮುಖ್ಯ ಪ್ರಶ್ನೆ: ಬದಲಾವಣೆ ನಿಜವೋ ಅಂತ ತಿಳಿಯುವುದು ಹೇಗೆ? ತರಬೇತಿ ಶುರು ಮಾಡುವ ಮೊದಲೇ ಅದೇ ಟೆಸ್ಟ್ ಎರಡು ಸಲ ಮಾಡಿಸಿ. ಸೋಮವಾರ ಒಮ್ಮೆ, ಗುರುವಾರ ಒಮ್ಮೆ. ಮೂರು ದಿನದಲ್ಲಿ ಹುಡುಗ ಬದಲಾಗುವುದಿಲ್ಲ. ಅಂಕಿ ಮಾತ್ರ ಬದಲಾಗಿರುತ್ತದೆ. ಅದೇ ನಿಮ್ಮ ಅಳತೆಗೋಲಿನ ಅಲುಗಾಟ. ಅದಕ್ಕೂ ಮುಂಚೆ ಒಂದು ದಿನ ಲೆಕ್ಕಕ್ಕಿಲ್ಲದ ಅಭ್ಯಾಸ ಇರಲಿ, ಯಾಕೆಂದರೆ ಮೊದಲ ಸಲ ಹುಡುಗರು ಟೆಸ್ಟನ್ನೇ ಕಲಿಯುತ್ತಿರುತ್ತಾರೆ.

ಐದು ಹುಡುಗರ ಉದ್ದಜಿಗಿತ ಹೀಗಿದೆ ಅಂತ ಇಟ್ಟುಕೊಳ್ಳಿ. ಸೋಮವಾರ 182, 190, 175, 201, 168 ಸೆಂ.ಮೀ. ಗುರುವಾರ 185, 188, 179, 200, 169. ವ್ಯತ್ಯಾಸ +3, −2, +4, −1, +1. ಇವುಗಳ ಸರಾಸರಿ 1. ಪ್ರತಿಯೊಂದೂ ಆ 1ರಿಂದ ಎಷ್ಟು ದೂರ? 2, −3, 3, −2, 0. ಇವನ್ನು ವರ್ಗ ಮಾಡಿ ಕೂಡಿದರೆ 26. ಐದರಲ್ಲಿ ಒಂದು ಕಡಿಮೆ, ಅಂದರೆ 4ರಿಂದ ಭಾಗಿಸಿ, ವರ್ಗಮೂಲ ತೆಗೆದರೆ 2.55. ಈ ಅಂಕಿಯಲ್ಲಿ ಎರಡೂ ದಿನದ ತಪ್ಪು ಸೇರಿದೆ. ಒಂದೇ ದಿನದ ತಪ್ಪು ಬೇಕಾದರೆ 1.41ರಿಂದ ಭಾಗಿಸಿ. ಸುಮಾರು 1.8 ಸೆಂ.ಮೀ. ಬಂತು. ನಿಮ್ಮ ಕೈ, ನಿಮ್ಮ ಟೇಪು, ನಿಮ್ಮ ನೆಲ, ನಿಮ್ಮ ಹುಡುಗರು, ಎಲ್ಲ ಸೇರಿದ ಅಲುಗಾಟ ಅದು. ಇದರ 2.77 ಪಟ್ಟು, ಅಂದರೆ 5 ಸೆಂ.ಮೀ. ಮೀರಿ ಒಬ್ಬ ಹುಡುಗನ ಜಿಗಿತ ಬೆಳೆದರೆ ಧೈರ್ಯವಾಗಿ ‘ಸುಧಾರಿಸಿದ್ದಾನೆ’ ಅನ್ನಿ. 2 ಸೆಂ.ಮೀ. ಬಂದರೆ ಬೆನ್ನು ತಟ್ಟಿ, ಆದರೆ ವರದಿಯಲ್ಲಿ ಬರೆಯಬೇಡಿ. ಐದು ಜನ ಉದಾಹರಣೆಗೆ ಸಾಕು, ನಿಜ ಲೆಕ್ಕಕ್ಕೆ ಹದಿನಾಲ್ಕೂ ಜನರನ್ನು ಹಾಕಿ. ನಿಮ್ಮ ಶಾಲೆಯ ಗಣಿತ ಮಾಸ್ತರಿಗೆ ಕೊಟ್ಟರೆ ಹತ್ತು ನಿಮಿಷದ ಕೆಲಸ, ಅವರಿಗೂ ಪಾಠಕ್ಕೊಂದು ಉದಾಹರಣೆ ಸಿಗುತ್ತದೆ.

ಈ ವಯಸ್ಸಿನಲ್ಲಿ ಇನ್ನೊಂದು ತೊಡಕಿದೆ. ಗಂಡು ಹುಡುಗರು ಸರಾಸರಿ 14ರ ಹೊತ್ತಿಗೆ ಜೋರಾಗಿ ಬೆಳೆಯುತ್ತಾರೆ, ವರ್ಷಕ್ಕೆ 8ರಿಂದ 10 ಸೆಂ.ಮೀ. ತರಬೇತಿ ಕೊಡದೇ ಇದ್ದರೂ ಜಿಗಿತ, ಓಟ ಸುಧಾರಿಸುತ್ತವೆ. ಅದನ್ನು ನಮ್ಮ ಖಾತೆಗೆ ಬರೆದುಕೊಳ್ಳುವುದು ಕೋಚ್‌ಗಳ ಹಳೇ ಚಾಳಿ, ನಾನೂ ಬರೆದುಕೊಂಡಿದ್ದೇನೆ. ತಂಡದಲ್ಲಿ ಇಲ್ಲದ ಅದೇ ವಯಸ್ಸಿನ ಹತ್ತು ಹುಡುಗರನ್ನೂ ಅದೇ ದಿನ ಜಿಗಿಸಿ. ಅವರಿಗಿಂತ ನಿಮ್ಮವರು ಎಷ್ಟು ಜಾಸ್ತಿ ಮುಂದೆ ಹೋದರೋ ಅಷ್ಟು ನಿಮ್ಮದು. ಎಲ್ಲರ ಎತ್ತರವನ್ನೂ ತಿಂಗಳಿಗೊಮ್ಮೆ ಬರೆದಿಡಿ. ಈ ಬೆಳವಣಿಗೆಯ ಕಾರಣಕ್ಕೇ ಟೆಸ್ಟ್ ಅಂಕಿ ಹಿಡಿದು ಹುಡುಗರನ್ನು ತಂಡದಿಂದ ಕೈಬಿಡಬೇಡಿ. 2018ರಲ್ಲಿ ಕ್ರಿಕೆಟಿಗ ಅಂಬಟಿ ರಾಯುಡು ಯೋ-ಯೋ ಪಾಸಾಗದೆ ಇಂಗ್ಲೆಂಡ್ ಸರಣಿಯ ತಂಡದಿಂದ ಹೊರಬಿದ್ದರು. ಅದು ಸಂಬಳ ಪಡೆದು ಆಡುವ ದೊಡ್ಡವರ ಲೋಕ. ಅಲ್ಲಿಯ ಪಾಸ್ ಮಾರ್ಕನ್ನು ಮೀಸೆ ಮೂಡದ ಹುಡುಗನ ಮೇಲೆ ಹೇರಬಾರದು.

ಎದೆನೋವು, ಓಡುವಾಗ ತಲೆಸುತ್ತಿ ಬಿದ್ದದ್ದು, ದಮ್ಮು, ಮೊನ್ನೆ ಮೊನ್ನೆ ಬಂದ ಜ್ವರ, ಇವುಗಳ ಬಗ್ಗೆ ಕೇಳದೆ ಬೀಪ್ ಟೆಸ್ಟ್ ಮಾಡಿಸಲೇಬೇಡಿ. ಒಂದು ‘ಹೌದು’ ಬಂದರೂ ಡಾಕ್ಟರ್ ನೋಡಿದ ಮೇಲೆಯೇ.

ಕೊನೆಗೆ ಗುಂಡು. ನಿಮ್ಮೂರ ಹಿರಿಯರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಕಲ್ಲಿಗೆ ಗಾಳಿ ಇಲ್ಲ, ಸೆಲ್ ಇಳಿಯುವುದಿಲ್ಲ, ಹತ್ತು ವರ್ಷ ಆದರೂ ಅದೇ ತೂಕ. ಆ ಮಟ್ಟಿಗೆ ನಿಮ್ಮ ಸ್ಟಾಪ್‌ವಾಚಿಗಿಂತ ಅದೇ ಪ್ರಾಮಾಣಿಕ. ಆದರೆ ಅದು ಕೊಡುವುದು ಎರಡೇ ಉತ್ತರ: ಎತ್ತಿದ, ಎತ್ತಲಿಲ್ಲ. ಎಂಟು ವಾರದಲ್ಲಿ ಹುಡುಗ ಎಷ್ಟು ಮುಂದೆ ಬಂದ ಅಂತ ಅದರಿಂದ ತಿಳಿಯುವುದಿಲ್ಲ. ಜೊತೆಗೆ, ಗುಂಡು ಎದೆಗೆ ಏರಿಸುವುದರಲ್ಲಿ ಪಟ್ಟು ಗೊತ್ತಿದ್ದವನೇ ಗೆಲ್ಲುತ್ತಾನೆ. ಗೊತ್ತಿಲ್ಲದ 14ರ ಹುಡುಗ ಬೆನ್ನು ಬಗ್ಗಿಸಿ ಎಳೆದು ನಡ ಹಿಡಿಸಿಕೊಳ್ಳುತ್ತಾನೆ. ಗೋಣಿಚೀಲದಲ್ಲಿ ಉಸುಕು ತುಂಬಿ, 10 ಕಿಲೋದಿಂದ ಶುರು ಮಾಡಿ, ಸರಿಯಾಗಿ ಎತ್ತುವುದನ್ನು ಮೊದಲು ಕಲಿಸಿ. ಆಮೇಲೆ ಎರಡೆರಡು ಕಿಲೋ ಏರಿಸುತ್ತಾ ಹೋಗಿ, ಬೆನ್ನು ಬಾಗಿದ ಕೂಡಲೇ ನಿಲ್ಲಿಸಿ, ಅದರ ಹಿಂದಿನ ತೂಕ ಬರೆಯಿರಿ. ಹಿರಿಯರನ್ನೂ ಒಂದು ದಿನ ಕರೆಸಿ, ಎತ್ತುವಾಗ ಬೆನ್ನು ಹೇಗಿರಬೇಕು ಅಂತ ಅವರೇ ತೋರಿಸಲಿ. ನಮಗಿಂತ ಚೆನ್ನಾಗಿ ತೋರಿಸುತ್ತಾರೆ. ಗರಡಿಯ ಗುಂಡನ್ನು ಒಮ್ಮೆ ಎಪಿಎಂಸಿಯ ತೂಕದ ಯಂತ್ರಕ್ಕೆ ಒಯ್ದು ತೂಗಿಸಿ ಅಂತ ಹೇಳುವ ಆಸೆ ನನಗಿದೆ. ತೂಗಿಸಿದರೆ ಅಂಕಿಯನ್ನು ನಿಮ್ಮ ವಹಿಯಲ್ಲಷ್ಟೇ ಬರೆದುಕೊಳ್ಳಿ. ಊರಲ್ಲಿ ಅದು ಇಂತಿಷ್ಟು ಮಣದ ಕಲ್ಲು ಅಂತ ಮಾತಿದ್ದು, ಯಂತ್ರ ಕಡಿಮೆ ತೋರಿಸಿಬಿಟ್ಟರೆ ಕಷ್ಟ.